ಎದುರುಮನೆ ಅಕ್ಕನ ಚಾಕೊಲೇಟ್ ದೆವ್ವಗಳು

ಮೊನ್ನೆ ಸಂಜೆ ಅಡುಗೆಮನೆಯಿಂದ ಚಾಕೊಲೇಟ್ ಸೀದ ವಾಸನೆ ಬಂತು. ಹಾಲು ಸೀದರೆ ಒಂದು ವಾಸನೆ, ಬೆಲ್ಲ ಸೀದರೆ ಇನ್ನೊಂದು. ಇದು ಎರಡನ್ನೂ ಸೇರಿಸಿ ಮೇಲೆ ಚೂರು ಕಹಿ ಹಾಕಿದ ಹಾಗೆ. ಮಗಳ ಮಗಳು ಹ್ಯಾಲೋವೀನ್‌ಗೆಂದು ಚಾಕೊಲೇಟ್ ಕರಗಿಸುತ್ತಿದ್ದಳು. ಗಟ್ಟಿಯಾಯಿತೆಂದು ನಲ್ಲಿಯ ಕೆಳಗೆ ಲೋಟ ಹಿಡಿದಿದ್ದಳು.

"ನೀರ್ ಹಾಕ್ಬೇಡ್ವೇ, ಮಣ್ಣಾಗೋಗತ್ತೆ" ಅಂದೆ.

ನಿನಗೆ ಹೇಗೆ ಗೊತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಜ್ಜಿಗೆ ಉಪ್ಪಿಟ್ಟು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂಬುದು ಅವಳ ತಿಳುವಳಿಕೆ. ಹೇಳಲು ಬಾಯಿ ತೆರೆದೆ, ಆಗಲಿಲ್ಲ... ಬಾಯಲ್ಲಿ ಬರದಿದ್ದದ್ದು ಬೆರಳಲ್ಲಾದರೂ ಬಂದೀತೇನೋ ಎಂದು ಈಗ ಫೋನ್ ಹಿಡಿದು ಕೂತಿದ್ದೇನೆ. ಟೈಪ್ ಮಾಡುವುದನ್ನು ಕಲಿತು ಇನ್ನೂ ತಿಂಗಳಾಗಿಲ್ಲ. ಒಂದು ಒತ್ತಕ್ಷರಕ್ಕೆ ಮೂರು ಸಲ ಒತ್ತಬೇಕು, ಆದರೆ ನನಗೇನು ಆಫೀಸಿಗೆ ಹೊತ್ತಾಗುವುದಿಲ್ಲವಲ್ಲ.

ತೊಂಬತ್ತರ ದಶಕದ ಮಾತು, ಇಲ್ಲೇ ಇಂಗ್ಲೆಂಡಿನಲ್ಲಿ. ಕೆಂಟನ್‌ನಲ್ಲಿ ನಮ್ಮ ಮನೆಯ ಎದುರಿಗೆ, ರಸ್ತೆಯ ಆಚೆ ಬದಿಗೆ ಅಕ್ಕ ಇದ್ದರು. ಧಾರವಾಡದವರು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ನಾನು ಮೈಸೂರಿನವಳು. ಅವರು ಮಾತಾಡಿದರೆ ನನಗೆ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತಿತ್ತು, ನಾನು ಮಾತಾಡಿದರೆ ಅವರಿಗೆ ಜ್ವರ ಬಂದವಳು ಮಾತಾಡಿದ ಹಾಗೆ. ಅಕ್ಕನ ಯಜಮಾನರು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಒಬ್ಬನೇ ಮಗ, ಸೊಸೆ ಇಂಗ್ಲಿಷಿನವಳು, ಅವರಿಗೆ ಒಂದು ಹೆಣ್ಣುಮಗು. ಮಗನ ಮನೆ ಸ್ಟೇಷನ್ನಿನ ಆಚೆ, ನಡೆದರೆ ಕಾಲು ಗಂಟೆ. ಪ್ರತಿ ಶನಿವಾರ ಮಗು ಅಜ್ಜಿಯ ಮನೆಗೆ ಬರುತ್ತಿತ್ತು. ಅಕ್ಕ ಧಾರವಾಡದ ಕನ್ನಡದಲ್ಲಿ ಕೇಳುವುದು, ಅದು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಹಾಗೇ ಇಬ್ಬರೂ ಮಧ್ಯಾಹ್ನವಿಡೀ ಹರಟುವುದು. ಮಗುವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು.

ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ಒಂದು ವರ್ಷ ಬೇಸಿಗೆಯಲ್ಲಿ ಅಕ್ಕನ ಯಜಮಾನರು ತೀರಿಕೊಂಡರು. ಮೂರು ತಿಂಗಳಿಗೆ ಹ್ಯಾಲೋವೀನ್ ಬಂತು, ಮಕ್ಕಳು ದೆವ್ವಭೂತದ ವೇಷ ಹಾಕಿ ಮನೆಮನೆಗೆ ಸಿಹಿ ಕೇಳಲು ಹೋಗುವ ಹಬ್ಬ. ಆರು ವರ್ಷದ ಮಗು ಮೊದಲ ಸಲ ವೇಷ ಹಾಕಿತ್ತು. ಕರಿ ಬಟ್ಟೆಯ ಮೇಲೆ ಬಿಳಿ ಮೂಳೆಗಳು, ಮುಖಕ್ಕೆ ಬುರುಡೆಯ ಮುಖವಾಡ. ಅಜ್ಜಿಯನ್ನು ನಗಿಸಬೇಕೆಂದು ಅಮ್ಮನನ್ನು ಬೇಲಿಯ ಹಿಂದೆ ನಿಲ್ಲಿಸಿ, ತಾನೊಂದೇ ಹೋಗಿ ಬೆಲ್ ಒತ್ತಿತು. ಶುಕ್ರವಾರ, ಅಕ್ಕ ಆಗಷ್ಟೇ ದೇವರಿಗೆ ದೀಪ ಹಚ್ಚಿ ಎದ್ದಿದ್ದರು. ಬಾಗಿಲು ತೆಗೆದರೆ ಎದುರಿಗೆ ಎಲುಬಿನ ಗೂಡು, ಮುಖವಾಡದ ಹಿಂದೆ ಯಾರೆಂದು ತಿಳಿಯಲಿಲ್ಲ.

"ಗಂಡ ಸತ್ತ ಮನೀಗೆ, ದೀಪಾ ಹಚ್ಚೂ ಹೊತ್ತಿನ್ಯಾಗ ಹೆಣದ ವೇಷಾ ಹಾಕ್ಕೊಂಡು ಬರ್ತಿ? ಹಾಳಾಗಿ ಹೋಗು" ಅಂದು ಬಾಗಿಲು ಬಡಿದರು.

ಸೊಸೆಗೆ ಮಾತು ತಿಳಿಯಲಿಲ್ಲ. ಅಜ್ಜಿ ಏನಂದರು ಎಂದು ಮಗುವನ್ನು ಕೇಳಿದಳು. ಮಗು ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಹೇಳಿತು.

ಮರುದಿನ ಶನಿವಾರ. ಅಕ್ಕ ಚಕ್ಕುಲಿ ಮಾಡಿಟ್ಟು ಕಾದರು. ಯಾರೂ ಬರಲಿಲ್ಲ. ಸಂಜೆ ಮಗ ಒಬ್ಬನೇ ಬಂದು ಬಾಗಿಲಲ್ಲೇ ನಿಂತು ನಡೆದದ್ದು ಹೇಳಿದ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಆಗಿಂದಾಗಲೇ ಹೊರಟರಂತೆ. ಅವನು ತಡೆದನಂತೆ. "ಬ್ಯಾಡಮ್ಮಾ, ನಿನ್ನ ಹೆಸರು ತಗದ್ರನ ಅಳ್ತಾಳ. ಅಕೀನ ಬರ್ತೀನಿ ಅಂದಾಗ ನಾನ ಕರಕೊಂಡು ಬರ್ತೀನಿ."

ವಾರ ಹೋಯಿತು, ತಿಂಗಳು ಹೋಯಿತು. ಯುಗಾದಿ ಬಂದು ಹೋಯಿತು. ಅಕ್ಕ ಕಳಿಸಿದ ಫ್ರಾಕು, ಗೊಂಬೆ ಎಲ್ಲ ತಲುಪುತ್ತಿದ್ದವು. ಮಗು ಮಾತ್ರ ಬರಲಿಲ್ಲ. ಶನಿವಾರ ಮಧ್ಯಾಹ್ನ ನಾನು ಹೋದರೆ ಅಕ್ಕ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. "ಗಂಡ ಹೋದಾಗ ಇಷ್ಟು ಅತ್ತಿಲ್ಲ ತಂಗೀ" ಅಂದರು ಒಂದು ಸಲ, "ಅವರನ್ನ ದೇವರು ಕರಕೊಂಡ. ಇದನ್ನ ನಾನಽ ಓಡಿಸಿದೆ."

ಮರುವರ್ಷ ಅಕ್ಟೋಬರ್ ಹೊತ್ತಿಗೆ ಅವರಿಗೆ ಒಂದು ಉಪಾಯ ಹೊಳೆಯಿತು. ಹ್ಯಾಲೋವೀನ್ ದಿನ ಮಗು ಹೇಗೂ ಮನೆಮನೆಗೆ ಹೋಗುತ್ತದೆ. ತಮ್ಮ ಮನೆಯೂ ಉಳಿದ ಮನೆಗಳ ಹಾಗೆ ಕಂಡರೆ, ಬಾಗಿಲಲ್ಲಿ ಕಣ್ಣು ಬಾಯಿ ಕೊರೆದ ಕುಂಬಳಕಾಯಿ ಇದ್ದರೆ, ಅಜ್ಜಿಯೇ ಚಾಕೊಲೇಟ್ ಮಾಡಿದ್ದಾಳೆಂದು ಗೊತ್ತಾದರೆ, ಹೆದರಿಕೆ ಹೋದೀತು. ಲೈಬ್ರರಿಯಿಂದ ಒಂದು ಹಾಳೆ ತಂದರು. ಸುಲಭವಾಗಿ ಮಾಡುವ ಚಾಕೊಲೇಟ್ ದೆವ್ವಗಳು. ಬಿಳಿ ಚಾಕೊಲೇಟ್ ಕರಗಿಸು, ಕಾರ್ನ್‌ಫ್ಲೇಕ್ಸ್ ಬೆರೆಸು, ಚಮಚದಲ್ಲಿ ಗುಪ್ಪೆ ಹಾಕು, ಎರಡು ಒಣದ್ರಾಕ್ಷಿ ಕಣ್ಣು ಇಡು. ಅಷ್ಟೇ.

"ಅಷ್ಟಽ ಅಂತ. ಮೈಸೂರಪಾಕ ಮಾಡಿದ ಕೈ ಇದು" ಅಂದರು ಅಕ್ಕ.

ಮೈಸೂರಪಾಕು ನಮ್ಮೂರದು, ಅದರ ಹೆಸರಲ್ಲಿ ಧಾರವಾಡದವರು ಮೆರೆಯಬಾರದು ಅಂದೆ. ಬಹಳ ದಿನದ ಮೇಲೆ ನಕ್ಕರು.

ಬಿಸಿನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಚಾಕೊಲೇಟ್ ಕರಗಿಸಿದೆವು. ಸ್ವಲ್ಪ ದಪ್ಪವೆನಿಸಿತು. ಪಾಕ ಗಟ್ಟಿಯಾದರೆ ನಾವು ಏನು ಮಾಡುತ್ತೇವೆ? ನೀರು ಚಿಮುಕಿಸುತ್ತೇವೆ. ಅಕ್ಕ ಚಿಮುಕಿಸಿದರು. ಅಷ್ಟೂ ಚಾಕೊಲೇಟು ಕಣ್ಣೆದುರಿಗೇ ಗೊರಗೊರ ಮುದ್ದೆಯಾಗಿ ಚಮಚಕ್ಕೆ ಕಚ್ಚಿಕೊಂಡಿತು.

"ಅಕ್ಕಾ, ಗಣಪತಿ ಮಾಡಕ್ಕೆ ಹದವಾಗಿದೆ" ಅಂದೆ.

ಅವರು ನಗಲಿಲ್ಲ. ಇನ್ನೂ ನೀರು ಹಾಕಿದರು, ತುಪ್ಪ ಹಾಕಿದರು, ಹಾಲು ಹಾಕಿದರು. ಎರಡನೆಯ ಸಲ ನೀರು ಸೋಕಲಿಲ್ಲ, ಉರಿ ಹೆಚ್ಚಾಗಿ ಸೀದಿತು. ಅಕ್ಕ ಒದ್ದೆ ಕೈಯಲ್ಲೇ ಕೋಟು ಹಾಕಿಕೊಂಡು ಅಂಗಡಿಗೆ ಓಡಿದರು, ಇದ್ದಬದ್ದ ಬಿಳಿ ಚಾಕೊಲೇಟೆಲ್ಲ ತಂದರು. ಮೂರನೆಯದು ಕೂಡಿಬಂತು. ಕಾಗದದ ಮೇಲೆ ಸಾಲಾಗಿ ಅರವತ್ತು ದೆವ್ವಗಳು ಕೂತವು. ಅಕ್ಕ ಒಂದೊಂದಕ್ಕೂ ಬಗ್ಗಿ, ಉಸಿರು ಹಿಡಿದು, ಕಣ್ಣು ಇಟ್ಟರು. "ಯಾವ ದೆವ್ವಕ್ಕ ಹಾಳಾಗು ಅಂದೆನೋ, ಅದಕ್ಕನ ಕಣ್ಣು ಇಡ್ಲಿಕ್ಕತ್ತೀನಿ ನೋಡು."

ಸಂಜೆ ಐದಕ್ಕೆಲ್ಲ ಕತ್ತಲಾಯಿತು. ಅಕ್ಕ ಬಾಗಿಲು ಪೂರ್ತಿ ತೆರೆದು, ಶಾಲು ಹೊದ್ದು, ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತರು. ಮಕ್ಕಳು ಬಂದವು. ಮನೆಯಲ್ಲಿ ಮಾಡಿದ್ದು, ಕಾಗದ ಸುತ್ತಿಲ್ಲ ಎಂದು ಕೆಲವು ಅಪ್ಪ ಅಮ್ಮಂದಿರು ಗೇಟು ದಾಟಿದ ಮೇಲೆ ಮಕ್ಕಳ ಕೈಯಿಂದ ತೆಗೆದು ಬೇಲಿಯ ಬುಡಕ್ಕೆ ಹಾಕುತ್ತಿದ್ದರು. ಅಕ್ಕನಿಗೆ ಕಾಣದ ಹಾಗೆ ನಾನು ಅಡ್ಡ ನಿಂತಿದ್ದೆ. ಅವರ ಕಣ್ಣು ಹೇಗೂ ಅತ್ತ ಇರಲಿಲ್ಲ. ಪ್ರತಿ ಮಗುವಿನ ಎತ್ತರ ನೋಡುತ್ತಿದ್ದರು.

ಆರೂವರೆಗೆ ಅನ್ನಕ್ಕಿಡಲು ನಾನು ನಮ್ಮ ಮನೆಗೆ ಬಂದೆ. ಐದು ನಿಮಿಷಕ್ಕೆ ನಮ್ಮ ಬೆಲ್ ಆಯಿತು. ತೆಗೆದರೆ ಒಂದು ಪುಟ್ಟ ಮಾಟಗಾತಿ. ಗೇಟಿನ ಹತ್ತಿರ ಅಕ್ಕನ ಸೊಸೆ. ಮಗು ತಾನಾಗಿ ಮುಖವಾಡ ಎತ್ತಿ "ಆಂಟಿ, ನಾನು" ಅಂದಿತು.

ಅಜ್ಜಿ ನಿನಗೋಸ್ಕರ ಮೂರು ಸಲ ಚಾಕೊಲೇಟ್ ಮಾಡಿದ್ದಾರೆ, ಬಾ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಮಗು ತಿರುಗಿ ನೋಡಿತು. ರಸ್ತೆಯ ಆಚೆ, ದೀಪದ ಕೆಳಗೆ, ಅಕ್ಕ ತಟ್ಟೆ ಹಿಡಿದು ನಿಂತಿದ್ದರು. ನಮ್ಮ ಕಡೆ ಕತ್ತಲು, ಅವರಿಗೆ ನಾವು ಕಾಣುತ್ತಿರಲಿಲ್ಲ. ಮಗು ನೋಡುತ್ತಲೇ ಇತ್ತು... ನಾಲ್ಕು ಹೆಜ್ಜೆ ಹೋಗಿ ಫುಟ್‌ಪಾತಿನ ಅಂಚಿನಲ್ಲಿ ನಿಂತಿತು. ಮತ್ತೆ ಓಡಿ ಬಂದು ಅಮ್ಮನ ಕೋಟು ಹಿಡಿದುಕೊಂಡಿತು.

"ಬಲವಂತ ಮಾಡೋದು ಬೇಡ" ಅಂದಳು ಸೊಸೆ, ತನ್ನ ಇಂಗ್ಲಿಷಿನಲ್ಲಿ, ಮೆಲ್ಲಗೆ. "ಈ ರಸ್ತೆಗೆ ಬರ್ತೀನಿ ಅಂದಿದ್ದೇ ಅವಳು. ಇವತ್ತಿಗೆ ಇಷ್ಟು ಸಾಕು, ಮುಂದಿನ ವರ್ಷ ಆ ಬಾಗಿಲಿಗೂ ಹೋಗ್ತಾಳೆ. ದಯವಿಟ್ಟು ಅತ್ತೆಗೆ ಹೇಳಬೇಡಿ. ಕೇಳಿದರೆ ಓಡಿಬರ್ತಾರೆ, ಇವಳು ಮತ್ತೆ ಹೆದರ್ತಾಳೆ."

ಹೇಳುವುದಿಲ್ಲ ಅಂದೆ.

ಎಂಟಕ್ಕೆ ಮಕ್ಕಳ ಓಡಾಟ ನಿಂತಿತು. ನಾನು ಹೋದಾಗ ಅಕ್ಕ ಇನ್ನೂ ಹೊಸ್ತಿಲಲ್ಲೇ ಇದ್ದರು. ತಟ್ಟೆಯಲ್ಲಿ ಎಂಟೋ ಹತ್ತೋ ದೆವ್ವಗಳು. ಕೈ ಮುಟ್ಟಿದೆ, ಮಂಜುಗಡ್ಡೆ. "ಬರಲಿಲ್ಲ ತಂಗೀ" ಅಂದರು. "ಇನ್ನ ಬರೂದಿಲ್ಲ ಅಕಿ. ನಾ ಸತ್ತರೂ ಬರೂದಿಲ್ಲ." ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ನಾನು ಚಿಕ್ಕಂದಿನಿಂದ ಸಲೀಸಾಗಿ ಸುಳ್ಳು ಹೇಳುವವಳು. ನಗಿಸಲು, ಜಗಳ ತಪ್ಪಿಸಲು, ಸುಮ್ಮನೆ ಮೋಜಿಗೆ. ಯಾರಿಗೂ ಕೆಡುಕಾಗಿರಲಿಲ್ಲ. ಆ ಹೊತ್ತಿಗೂ ನಾಲಿಗೆ ತಾನಾಗಿ ಹೊರಳಿತು.

"ಯಾರ್ ಹೇಳಿದ್ದು ಬರ್ಲಿಲ್ಲ ಅಂತ? ನೀವೇ ಚಾಕೊಲೇಟ್ ಕೊಟ್ರಲ್ಲ. ಕುಂಬಳಕಾಯಿ ಮುಖವಾಡ ಹಾಕ್ಕೊಂಡು ಒಂದು ಮಗು ಬಂದಿತ್ತಲ್ಲ, ಅದೇ. ನಾನು ಗುರುತು ಹಿಡಿದೆ. ಮಾತಾಡಿಸಿದ್ರೆ ನಾಚ್ಕೊಳತ್ತೆ ಅಂತ ಸುಮ್ನಿದ್ದೆ."

ಅಕ್ಕ ತಲೆಯೆತ್ತಿದರು. ಮುಖದಲ್ಲಿ ಬೆಳಕು ಬರುತ್ತದೆಂದು ಕಾದೆ.

"ಆ ಕುಂಬಳಕಾಯಿಯದು? ಅದು ಎರಡು ತೊಗೊಳ್ಳಾಕ ಕೈ ಹಾಕಿತ್ತು" ಅಂದರು. "ಒಂದಽ ತೊಗೊ, ಉಳದವ್ರಿಗೆ ಬೇಕು ಅಂದೆ. ನನ್ನ ಮೊಮ್ಮಗಳಿಗೆ ಇರ್ಲಿ ಅಂತ... ಅಕೀನ ಇದ್ಲಾ ಅದು? ನನ್ನ ಕೂಸು ನನ್ನ ಮುಂದ ನಿಂತಿತ್ತು, ಎರಡನೇ ಸಲಾನೂ ನಾ ಗುರ್ತು ಹಿಡೀಲಿಲ್ಲಾ?"

ಆಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ. ಸೊಸೆಗೆ ಕೊಟ್ಟ ಮಾತು ಒಂದು ಕಡೆ, ನಾನು ಸುಳ್ಳಿ ಎಂದು ಒಪ್ಪಿಕೊಳ್ಳುವ ನಾಚಿಕೆ ಇನ್ನೊಂದು ಕಡೆ. ನಿಜ ಹೇಳಬೇಕೆಂದರೆ ನಾಚಿಕೆಯೇ ಹೆಚ್ಚು. ಬಾಯಿ ಮುಚ್ಚಿದೆ. ಅಕ್ಕ ಆ ಎಂಟು ಹತ್ತು ದೆವ್ವಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತರು.

ವರ್ಷವಿಡೀ ಅದೇ ಮಾತು. ಮುಂದಿನ ಸಲ ಕಣ್ಣು ತಪ್ಪಿಸಬಾರದು, ಮುಂದಿನ ಸಲ ಮುಖ ನೋಡದೆ ಬಿಡಬಾರದು. ನಾನು ಹೂಂ ಅನ್ನುತ್ತಿದ್ದೆ. ಹೇಗೂ ಮುಂದಿನ ವರ್ಷ ಮಗು ಬರುತ್ತದೆ, ಆಗ ಎಲ್ಲ ಸರಿಹೋಗುತ್ತದೆ ಎಂದು ಕಾಯುತ್ತಿದ್ದೆ.

ಮುಂದಿನ ಹ್ಯಾಲೋವೀನ್ ಬಂತು. ಮತ್ತೆ ದೆವ್ವಗಳನ್ನು ಮಾಡಿದೆವು, ಈ ಸಲ ಒಂದೇ ಪ್ರಯತ್ನಕ್ಕೆ. ಆದರೆ ಬಾಗಿಲಿಗೆ ಬಂದ ಪ್ರತಿ ಮಗುವಿಗೂ ಅಕ್ಕ ಮೊದಲು ಮುಖವಾಡ ತೆಗೆಯಲು ಹೇಳಿದರು. ತೆಗೆದು ತೋರಿಸಿದರೆ ಮಾತ್ರ ಚಾಕೊಲೇಟು. ಕೆಲವು ಮಕ್ಕಳು ನಕ್ಕು ತೋರಿಸಿದವು, ಕೆಲವು ಹಾಗೇ ತಿರುಗಿ ಹೋದವು. "ಅಕ್ಕಾ, ಬಿಡಿ, ಮಕ್ಕಳು ಹೆದರ್ತಾವೆ" ಅಂದೆ. ಅವರಿಗೆ ನನ್ನ ಮಾತು ಕೇಳಿಸುತ್ತಲೇ ಇರಲಿಲ್ಲ. ಆರು ಗಂಟೆಯ ಸುಮಾರಿಗೆ ಮೂಳೆಗಳ ವೇಷದ ಒಂದು ಪುಟ್ಟ ಮಗು ಬಂತು, ಬುರುಡೆಯ ಮುಖವಾಡ. ಅಕ್ಕ ತಟ್ಟೆ ನನ್ನ ಕೈಗೆ ತುರುಕಿ, ಬಗ್ಗಿ, ಎರಡೂ ಕೈಯಿಂದ ಅದರ ಮುಖವಾಡವನ್ನು ಎತ್ತಿಬಿಟ್ಟರು. "ಒಂದ ಸಲ ಮಾರಿ ತೋರ್ಸವಾ, ಒಂದಽ ಸಲ..."

ಯಾರದೋ ಮಗು. ಕಿಟಾರನೆ ಕಿರುಚಿತು. ಅದರ ಅಪ್ಪ ಗೇಟಿನಿಂದ ನುಗ್ಗಿ ಬಂದು, ನನ್ನ ಮಗಳ ಮೈ ಮುಟ್ಟಬೇಡ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ನಾನು ಅವನಿಗೆ ಸಮಾಧಾನ ಹೇಳುತ್ತಾ ಅವನ ಭುಜದಾಚೆ ನೋಡಿದೆ. ನಾಲ್ಕು ಮನೆ ಆಚೆ, ಅಂಚೆಪೆಟ್ಟಿಗೆಯ ಹತ್ತಿರ, ಸೊಸೆ ಮತ್ತು ಮಗು ನಿಂತಿದ್ದರು. ಮಗು ಈ ಸಲ ಮುಖವಾಡವನ್ನೇ ಹಾಕಿರಲಿಲ್ಲ. ಅಜ್ಜಿಗೆ ಗುರುತು ಸಿಗಲೆಂದು ಇರಬೇಕು... ನಾನು ಕೈ ಎತ್ತುವಷ್ಟರಲ್ಲಿ ಇಬ್ಬರೂ ತಿರುಗಿ ಬೇಗಬೇಗ ನಡೆದುಬಿಟ್ಟರು.

ಅಕ್ಕ ಅವರನ್ನು ನೋಡಲಿಲ್ಲ. ನಾನೂ ಹೇಳಲಿಲ್ಲ.

ಅದರ ಮರುವರ್ಷ ಅಕ್ಕ ಆ ಸಂಜೆ ಮನೆಯ ದೀಪವನ್ನೇ ಹಾಕಲಿಲ್ಲ. ಮಗನಿಗೆ ಉತ್ತರದ ಯಾವುದೋ ಊರಿಗೆ ವರ್ಗವಾಯಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅಕ್ಕ ತೀರಿಕೊಂಡರು. ದಹನದ ದಿನ ಮೊಮ್ಮಗಳು ಬಂದಿದ್ದಳು. ನನಗಿಂತ ಎತ್ತರ ಬೆಳೆದಿದ್ದಳು, ಹಣೆ ಥೇಟ್ ಅಕ್ಕನದೇ. ಎಲ್ಲ ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ನನ್ನ ಹತ್ತಿರ ಬಂದಳು.

"ಆಂಟಿ, ಅಜ್ಜಿಗೆ ನನ್ನ ಮೇಲೆ ಕೊನೇವರೆಗೂ ಸಿಟ್ಟಿತ್ತಾ?"

ಇಲ್ಲ ಕಂದ, ಒಂದು ದಿನವೂ ಇರಲಿಲ್ಲ ಅಂದೆ. ನನ್ನ ಜನ್ಮದಲ್ಲೇ ಅಷ್ಟು ಅಪ್ಪಟ ನಿಜ ಹೇಳಿರಲಿಲ್ಲ. ಅವಳು ದೊಡ್ಡವರನ್ನು ಸಮಾಧಾನಪಡಿಸುವ ನಗು ನಕ್ಕು, ಥ್ಯಾಂಕ್ಯೂ ಅಂದು ಹೋದಳು. ನಂಬಿರಲಿಲ್ಲ.

ಈಗ ನನಗೆ ಆಗಿನ ಅಕ್ಕನಿಗಿಂತ ಹೆಚ್ಚು ವಯಸ್ಸು. ಎದುರುಮನೆಯಲ್ಲಿ ಯಾರೋ ಬಾಡಿಗೆಗಿದ್ದಾರೆ, ಹುಡುಗ ಹುಡುಗಿ, ಒಳ್ಳೆಯವರು. ನಾನು ಈಚೆ ಕಿಟಕಿಯಲ್ಲಿ ಕೂತು ಇದನ್ನು ಒತ್ತುತ್ತಾ ಒಂದೇ ಯೋಚನೆ ಮಾಡುತ್ತೇನೆ. ಸುಳ್ಳು ಕಟ್ಟುವ ಅಗತ್ಯವೇ ಇರಲಿಲ್ಲ. ಆವತ್ತು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತು. ಅಕ್ಕಾ, ಅವಳು ಬಂದಿದ್ದಳು, ನಿಮ್ಮ ಬಾಗಿಲಿಗಲ್ಲ, ನಮ್ಮ ಬಾಗಿಲಿಗೆ. ಕತ್ತಲಲ್ಲಿ ನಿಂತು ನಿಮ್ಮನ್ನು ಬಹಳ ಹೊತ್ತು ನೋಡಿದಳು. ನಾಲ್ಕು ಹೆಜ್ಜೆ ನಿಮ್ಮ ಕಡೆ ಬಂದಳು.

ಆ ನಾಲ್ಕು ಹೆಜ್ಜೆ ಹಿಡಿದುಕೊಂಡು ಅಕ್ಕ ಇನ್ನೊಂದು ವರ್ಷ ಕಾದಿರುತ್ತಿದ್ದರು. ಅದನ್ನು ನಾನು ಕೊಡಲಿಲ್ಲ.