ಮೂರು ಪ್ರಣಾಮ

ಮೈಸೂರಿನ ಮಾರುಕಟ್ಟೆಯಲ್ಲಿ ಗ್ರಂಧಿಗೆ ಅಂಗಡಿಯೊಂದರ ಮುಂದೆ ಲಾವಂಚದ ಬೇರಿನ ಕಟ್ಟುಗಳನ್ನು ನೇತುಹಾಕಿರುತ್ತಾರೆ. ಒಣಗಿದ ಬೇರಿಗೆ ಅಂಥ ವಾಸನೆಯೇನಿಲ್ಲ. ಅಂಗಡಿಯವನು ಧೂಳು ಅಡಗಲೆಂದು ಅದರ ಮೇಲೆ ನೀರು ಚಿಮುಕಿಸಿದ ದಿನ ಮಾತ್ರ ನನಗೆ ಅಲ್ಲಿಂದ ಕಾಲು ಕೀಳಲಾಗುವುದಿಲ್ಲ. ಒದ್ದೆ ಬೇರಿನ ಆ ತಂಪು ವಾಸನೆ ಬಂದರೆ ಸಾಕು, ಬನಾರಸ್ಸಿನ ಭೇಲೂಪುರದಲ್ಲಿದ್ದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನಿಂತಿರುತ್ತೇನೆ. ಅಲ್ಲಿ ಕಿಟಕಿಗೆ ತಾಗಿಸಿ ಇಟ್ಟ ದೊಡ್ಡ ತಗಡಿನ ಕೂಲರಿನ ಮೂರು ಮಗ್ಗುಲಿಗೂ ಇದೇ ಬೇರನ್ನು ತುಂಬಿರುತ್ತಿದ್ದರು. ಊರೆಲ್ಲ ಅದನ್ನು ಖಸ್ ಎನ್ನುತ್ತಿತ್ತು. ಲಾವಂಚ ಎನ್ನುತ್ತಿದ್ದವಳು ನಮ್ಮಜ್ಜಿ ಒಬ್ಬಳೇ. ಈಗ ಆ ಮನೆಯಿಲ್ಲ, ಅದನ್ನು ಕೆಡವಿ ಕ್ಲಿನಿಕ್ ಕಟ್ಟಿದ್ದಾರೆ. ಅಪ್ಪ ಅಮ್ಮನೂ ಆ ಊರು ಬಿಟ್ಟಾಯಿತು. ಮನೆ ಹೋದ ಮೇಲೂ ಉಳಿದುಬಿಡುವ ಇಂಥದೊಂದು ವಾಸನೆ ನಿಮಗೂ ಇದ್ದೀತು.

ಅಪ್ಪ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು, ಅಮ್ಮ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಅಪ್ಪನ ತಾಯಿ ಲೂರ್ದಮ್ಮಜ್ಜಿ, ತಾತ ಹೋದ ಮೇಲೆ ಕೊಳ್ಳೇಗಾಲದ ಕಡೆಯಿಂದ ನಮ್ಮ ಜೊತೆ ಇರಲು ಬಂದವಳು. ಎಂಟು ವರ್ಷ ಕಾಶಿಯಲ್ಲಿದ್ದು ಅವಳು ಕಲಿತ ಹಿಂದಿ ನಾಲ್ಕೇ ಮಾತು: ಅಚ್ಛಾ, ಪಾನಿ, ಕಿತನಾ, ಬಸ್. ಆ ನಾಲ್ಕರಲ್ಲೇ ತರಕಾರಿ ಗಾಡಿಯವನನ್ನು ಸುಸ್ತು ಮಾಡುತ್ತಿದ್ದಳು. ನಾನು ಅಲ್ಲೇ ಹುಟ್ಟಿದವಳು. ಅವಳು 'ಊಟ ಮಾಡ್ದಾ ಕೂಸೇ?' ಎಂದರೆ ನಾನು 'ಹಾಂ, ಖಾ ಲಿಯಾ' ಎನ್ನುತ್ತಿದ್ದೆ. 'ಇವಳ ಕಿವಿ ಕೊಳ್ಳೇಗಾಲ, ಬಾಯಿ ಬನಾರಸ್' ಎಂದು ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದಳು. ಪ್ರಾರ್ಥನೆಯಲ್ಲೂ ಹಾಗೆಯೇ. ನಾನು ಕಲಿತದ್ದೆಲ್ಲ ಚರ್ಚಿನ ಹಿಂದಿಯಲ್ಲಿ. ಅಜ್ಜಿ ಬೆಳಿಗ್ಗೆ ನಾವು ಏಳುವ ಮೊದಲೇ ಜಪಸರ ಹಿಡಿದು ಪಿಸುಗುಡುತ್ತಿದ್ದಳು. ನಿದ್ದೆಯ ಮಂಪರಿನಲ್ಲಿ ಅದರ ಒಂದೆರಡು ಪದ ನನ್ನ ಕಿವಿಗೆ ಬಿದ್ದಿರಬೇಕು ಅಷ್ಟೆ.

ಆ ವರ್ಷ ರೋಗದ ಭಯಕ್ಕೆ ಊರಿಗೆ ಊರೇ ಬಾಗಿಲು ಹಾಕಿತು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ನಡುವೆಯೇ ಚರ್ಚಿಗೂ ಬೀಗ ಬಿತ್ತು. ಗರಿಗಳ ಭಾನುವಾರ ಗರಿಯಿಲ್ಲದೆ ಕಳೆಯಿತು. ಪಾಸ್ಕದ, ಎಂದರೆ ಈಸ್ಟರ್ ಹಬ್ಬದ, ಪೂಜೆಯನ್ನು ಅಪ್ಪನ ಮೊಬೈಲಿನಲ್ಲಿ ನೋಡಿದೆವು. ಅಜ್ಜಿ ಅದಕ್ಕೂ ಒಗೆದ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು, ಮೊಬೈಲಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಳು. ಮಂಡಿ ಸವೆದು ಅವಳು ಮೊಣಕಾಲೂರಿ ವರ್ಷಗಳೇ ಆಗಿದ್ದವು. ಚರ್ಚಿನಲ್ಲಿ ಎಲ್ಲರೂ ಮೊಣಕಾಲೂರಿದಾಗ ತಾನೊಬ್ಬಳು ಮಾತ್ರ ಕುರ್ಚಿಯಲ್ಲಿರುವುದು ಅವಳಿಗೆ ದೊಡ್ಡ ನಾಚಿಕೆಯಾಗಿತ್ತು. ಬೇಸಗೆ ಏರಿದ ಮೇಲೆ ಚರ್ಚು ತೆರೆಯಿತಾದರೂ ಒಮ್ಮೆಗೆ ಐದೇ ಜನ, ವಯಸ್ಸಾದವರು ಬರಲೇಬಾರದು ಎಂದಾಯಿತು. ಅಜ್ಜಿಯನ್ನು ಕೊರೆಯುತ್ತಿದ್ದದ್ದು ಪೂಜೆಗಿಂತ ಹೆಚ್ಚಾಗಿ ಪಾಪನಿವೇದನೆ. ವರ್ಷಕ್ಕೊಮ್ಮೆ ಪಾಸ್ಕದ ಮುಂಚೆ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವುದನ್ನು ಅವಳು ಎಂದೂ ತಪ್ಪಿಸಿದವಳಲ್ಲ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕನ್ನಡದ ಪಾದ್ರಿ ಸ್ವಾಮಿಗಳೊಬ್ಬರು ಅದನ್ನು ಕೇಳುತ್ತಿದ್ದರು. ಅವರು ಓದು ಮುಗಿಸಿ ಊರಿಗೆ ಹೋಗಿಬಿಟ್ಟಿದ್ದರು. ನಮ್ಮ ಚರ್ಚಿನ ಫಾದರ್ ಝಾರ್ಖಂಡಿನವರು, ಅವರಿಗೆ ಕನ್ನಡದ ಗಂಧವೂ ಇರಲಿಲ್ಲ. 'ಉಸಿರು ನಿಂತೋದ್ರೆ ಏನ್ ಮಾಡ್ಲಿ, ಮೂಟೆ ಹೊತ್ಕೊಂಡೇ ಹೋಗ್ಲಾ?' ಎಂದು ಅಜ್ಜಿ ಅಪ್ಪನನ್ನು ಕೇಳಿದಳು. ಅಕ್ಕಪಕ್ಕದ ಗಲ್ಲಿಗಳಿಂದ ಸಾವಿನ ಸುದ್ದಿ ಬರುತ್ತಿದ್ದ ದಿನಗಳವು. ಅವಳ ಭಯ ನಿಜವಾದದ್ದೇ ಆಗಿತ್ತು.

ಅಪ್ಪ ಫೋನು ಮಾಡಿದಾಗ ಫಾದರ್ ಒಂದು ದಾರಿ ಹೇಳಿದರು. ತಾವೇ ಮನೆಗೆ ಬಂದು ವರಾಂಡದ ಜಾಲರಿಯ ಆಚೆ ಕೂರುತ್ತಾರೆ, ನಡುವೆ ಭಾಷಾಂತರಕ್ಕೆ ಒಬ್ಬರು ಇರಬೇಕು. ಚರ್ಚಿನ ಕಾನೂನು ಅದಕ್ಕೆ ಒಪ್ಪುತ್ತದೆ, ಕೇಳಿಸಿಕೊಂಡವರು ಮಾತ್ರ ಸಾಯುವ ತನಕ ಬಾಯಿ ಬಿಡುವಂತಿಲ್ಲ. 'ನಾನಿದ್ದೇನಲ್ಲ' ಎಂದರು ಅಪ್ಪ. 'ಮಗನ್ ಮುಂದೆ ಹೇಳೋಕಾಗದ್ದೂ ಇರ್ತದೆ' ಎಂದಳು ಅಜ್ಜಿ. ಅಮ್ಮನ ಕಡೆ ತಿರುಗಿ, 'ಸೊಸೆ ಮುಂದಂತೂ ಕೇಳ್ಲೇಬೇಡ' ಎಂದಳು. ಅಮ್ಮ ನಗುತ್ತಾ ಅಡುಗೆಮನೆಗೆ ಹೋದರು. ಉಳಿದವಳು ಹನ್ನೆರಡು ವರ್ಷದ ನಾನು. ಇನ್ನೊಂದು ತೊಡಕಿತ್ತು. ಕಿವಿ ಮಂದವಾದ್ದರಿಂದ, ಜಪವೊಂದನ್ನು ಬಿಟ್ಟರೆ, ಅಜ್ಜಿಯ ಗುಟ್ಟಿನ ಮಾತೂ ಗಲ್ಲಿಯ ತುದಿಗೆ ಕೇಳುತ್ತಿತ್ತು. ಗಲ್ಲಿಯವರಿಗೆ ಕನ್ನಡ ಬಾರದು, ಸರಿ. ಆದರೆ ಸೋನಾರ್‌ಪುರದ ಹತ್ತಿರವಿದ್ದ ಕನ್ನಡದವರ ಮಠದಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದ ಗುರುಪಾದಯ್ಯನವರು ನಾಲ್ಕು ಕನ್ನಡ ಮಾತಿಗಾಗಿ ದಿನಾ ಬೆಳಿಗ್ಗೆ ನಮ್ಮ ಗೇಟಿನಾಚೆ ಬಂದು ನಿಲ್ಲುತ್ತಿದ್ದರು. ಕಲಬುರಗಿ ಕಡೆಯವರು. ಅಜ್ಜಿ ಅವರಿಗೆ ನೇರವಾಗಿಯೇ ಹೇಳಿದಳು, 'ನಾಳೆ ಹತ್ತು ಗಂಟೆಗೆ ಈ ಕಡೆ ಬರಬೇಡಿ ಅಯ್ಯೋರೇ. ನಾನು ಪಾಪ ಹೇಳ್ಕೋಬೇಕು.' ಅವರು ಒಂದಿಷ್ಟೂ ನಗದೆ, 'ಆಗ್ಲಿ ಬಿಡ್ರಿ ಅವ್ವಾರ, ನಾಳಿ ನನ್ನ ಕಿವಿ ಮಠದಾಗ ಇರ್ತಾವ' ಎಂದರು.

ಫಾದರ್ ಸ್ಕೂಟರಿನಲ್ಲಿ ಬಂದು, ಮಾಸ್ಕ್ ಹಾಕಿಕೊಂಡೇ ಜಾಲರಿಯ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಈಚೆ ಅಜ್ಜಿ, ಪಕ್ಕದಲ್ಲಿ ನಾನು. ಅಪ್ಪ ಅಮ್ಮ ಮಾತು ಕೇಳಿಸದಿರಲೆಂದು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತರು. ಮಾತು ಕೇಳಲೆಂದು ಕೂಲರ್ ಆರಿಸಿದ್ದೆವು. ಸೆಕೆಗೆ ಬೆವರು ಇಳಿಯುತ್ತಿತ್ತು, ಒದ್ದೆ ಖಸ್ ನಿಧಾನವಾಗಿ ಆರುತ್ತಾ ವಾಸನೆ ಬಿಡುತ್ತಿತ್ತು. 'ಬೇಟಾ, ಯೇ ಬಾತ್ ಯಹೀಂ ರಹೇಗೀ' ಎಂದರು ಫಾದರ್, ಇಲ್ಲಿಯ ಮಾತು ಇಲ್ಲೇ ಇರಬೇಕೆಂದು. ನಾನು ತಲೆಯಾಡಿಸಿದೆ. ಅಜ್ಜಿ ಹೇಳಿದಳು, ನಾನು ಹಿಂದಿಯಲ್ಲಿ ಹೇಳಿದೆ. ಅವಳು ಏನೇನು ಹೇಳಿದಳೆಂದು ನಾನು ಹೇಳುವಂತಿಲ್ಲ. ಅವು ದೊಡ್ಡವೋ ಸಣ್ಣವೋ ಎಂಬುದನ್ನೂ ಹೇಳುವಂತಿಲ್ಲ. ಹೇಳಿಬಿಟ್ಟರೆ ನೀವು ನಗುತ್ತೀರೋ ಅಳುತ್ತೀರೋ, ಅದೂ ನನ್ನಲ್ಲೇ ಇರಲಿ. ತಪ್ಪೊಂದು ಮಾತ್ರ ನನ್ನದು. ಅದನ್ನು ಹೇಳಲು ಯಾರ ಅಡ್ಡಿಯೂ ಇಲ್ಲ.

ಎಲ್ಲ ಕೇಳಿಸಿಕೊಂಡು ಫಾದರ್ ಪ್ರಾಯಶ್ಚಿತ್ತ ಹೇಳಿದರು, 'ತೀನ್ ಪ್ರಣಾಮ್ ಮರಿಯಾ.' ದಿನಾ ರಾತ್ರಿ ನಾನೇ ಹೇಳುತ್ತಿದ್ದ ಪ್ರಾರ್ಥನೆಯ ಹೆಸರು ಅದು. ಆದರೆ ಹತ್ತು ನಿಮಿಷದಿಂದ ಒಂದೊಂದು ಮಾತನ್ನೂ ಮಗುಚಿ ಹಾಕುತ್ತಿದ್ದ ಹುರುಪಿನಲ್ಲಿ ಅದನ್ನೂ ಮಗುಚಿ ಹಾಕಿಬಿಟ್ಟೆ. 'ಮರಿಯಮ್ಮನಿಗೆ ಮೂರು ಸಲ ಪ್ರಣಾಮ ಮಾಡಬೇಕಂತೆ' ಎಂದೆ. ಅಜ್ಜಿ ನನ್ನ ಮುಖ ನೋಡಿದಳು. 'ನೆಲಕ್ಕೆ ಬಿದ್ದಾ?' ಎಂದು ಕೇಳಿದಳು. ನಾನು ಫಾದರ್ ಅವರನ್ನು ಕೇಳಬೇಕಿತ್ತು. ಘಾಟಿನಲ್ಲಿ ಜನ ಮೆಟ್ಟಿಲ ಮೇಲೆ ಹಣೆಯಿಟ್ಟು ಪ್ರಣಾಮ ಮಾಡುವುದನ್ನು ನೋಡುತ್ತಲೇ ಬೆಳೆದವಳಾದ್ದರಿಂದ, ಕೇಳದೆಯೇ ಹೂಂ ಎಂದೆ. 'ಉತ್ತರದ ಸ್ವಾಮಿಗಳು ಬಲು ಬಿಗಿ' ಎಂದಷ್ಟೇ ಹೇಳಿ ಅಜ್ಜಿ ಕೈಮುಗಿದಳು. ಫಾದರ್ ಪಾಪಕ್ಷಮೆಯ ಪ್ರಾರ್ಥನೆ ಹೇಳಿ, ಶಿಲುಬೆಯ ಗುರುತು ಮಾಡಿ, ಸ್ಕೂಟರ್ ಹತ್ತಿ ಹೊರಟರು.

ಅಜ್ಜಿ ಒಂದು ಗಳಿಗೆಯೂ ತಡಮಾಡಲಿಲ್ಲ. ತನ್ನ ಕೋಣೆಯ ಗೂಡಿನಲ್ಲಿದ್ದ ಮರಿಯಮ್ಮನ ಪ್ರತಿಮೆಯ ಮುಂದೆ ನಿಂತು, ಕಬ್ಬಿಣದ ಮಂಚದ ಕಾಲು ಹಿಡಿದು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು, ಹಲ್ಲು ಕಚ್ಚಿಕೊಂಡು ಕೆಳಗಿಳಿದಳು. ಹಣೆ ನೆಲಕ್ಕೆ ಮುಟ್ಟಿಸಿ ಏನೋ ಪಿಸುಗುಟ್ಟಿದಳು. ಏಳಲು ಬಹಳ ಹೊತ್ತು ಹಿಡಿಯಿತು. ಹಿಡಿಯಲು ಹೋದ ನನ್ನ ಕೈ ತಳ್ಳಿದಳು. ಎರಡನೆಯ ಸಲ ಅವಳು ಬಾಗಿದಾಗ ನಾನೂ ಪಕ್ಕದಲ್ಲಿ ಕೂತಿದ್ದೆ, ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು: 'ನಮೋ ಮರಿಯ, ವರಪ್ರಸಾದ ಪೂರ್ಣೆ.' ನಮೋ ಎಂದರೆ ಪ್ರಣಾಮ್. ಫಾದರ್ ಹೇಳಿದ್ದು ಮೂರು ನಮೋ ಮರಿಯ, ಕುರ್ಚಿಯಲ್ಲಿ ಕೂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವಂಥದ್ದು. 'ಅಜ್ಜಿ, ಸಾಕು, ತಪ್ಪಾಯಿತು' ಎನ್ನಲು ಬಾಯಿ ತೆರೆದೆ. ಆಗಲೇ ಅವಳು ಮೂರನೆಯದಕ್ಕೆ ಇಳಿಯುತ್ತಿದ್ದಳು. ಈ ಸಲ ಎದ್ದು ಕೂರಲೇ ಇಲ್ಲ, ಕೆನ್ನೆಯನ್ನು ತಣ್ಣನೆಯ ಮೊಸಾಯಿಕ್ ನೆಲಕ್ಕೆ ಇಟ್ಟುಕೊಂಡು ಹಾಗೇ ಇದ್ದಳು. 'ಎಷ್ಟು ವರ್ಷ ಆಗಿತ್ತು ಕಣ್ ಕೂಸೇ, ನೆಲ ಮುಟ್ಟಿ' ಎಂದಳು. ಅವಳ ಮುಖದಲ್ಲಿದ್ದ ನಿರಾಳವನ್ನು ನೋಡಿ ನಾನು ಬಾಯಿ ಮುಚ್ಚಿದೆ.

ಮರುದಿನ ಮಂಡಿಗಳು ಊದಿಕೊಂಡವು. ಅಮ್ಮ ಎಣ್ಣೆ ತಿಕ್ಕುತ್ತಾ ಏನಾಯಿತೆಂದು ಎಷ್ಟು ಕೇಳಿದರೂ ಅಜ್ಜಿ, 'ವಯಸ್ಸಾಯ್ತಲ್ಲವ್ವಾ' ಎಂದಳೇ ಹೊರತು ಬೇರೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಇಲ್ಲಿಯ ಮಾತು ಇಲ್ಲೇ ಇರಬೇಕೆಂದು ಫಾದರ್ ಹೇಳಿರಲಿಲ್ಲವೇ? ಆ ಮಾತಿನ ಹಿಂದೆ ನಾನು ಅಡಗಿಕೊಂಡೆ, ಒಂದು ವರ್ಷದ ತನಕ. ಮುಂದಿನ ಬೇಸಗೆಯಲ್ಲಿ ಅಜ್ಜಿ ಎರಡು ದಿನದ ಜ್ವರದಲ್ಲಿ ಹೋದಳು. ಆಗಲೂ ಜನ ಸೇರುವಂತಿರಲಿಲ್ಲ. ಸಮಾಧಿಯ ಹತ್ತಿರ ನಾವು ಮೂವರು, ಫಾದರ್, ಗುಂಡಿ ತೋಡಿದ ಇಬ್ಬರು. ಗುರುಪಾದಯ್ಯನವರು ಗೋಡೆಯಾಚೆ ಬಿಸಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಅಪ್ಪ ಕಣ್ಣೊರೆಸುತ್ತಾ ಆಚೆ ತಿರುಗಿ ನಿಂತರು. ಅಜ್ಜಿಯ ಭಾಷೆಯಲ್ಲಿ ಒಂದು ಪ್ರಾರ್ಥನೆ ಹೇಳು ಎಂದು ಫಾದರ್ ನನಗೆ ಹೇಳಿದರು. 'ನಮೋ ಮರಿಯ, ವರಪ್ರಸಾದ ಪೂರ್ಣೆ' ಎಂದೆ. ಮುಂದಿನ ಸಾಲು ನನಗೆ ಗೊತ್ತಿರಲಿಲ್ಲ. ಉಳಿದದ್ದನ್ನು ಹಿಂದಿಯಲ್ಲಿ ಮುಗಿಸಿದೆ. ಮಣ್ಣು ಹಾಕಿದ್ದಕ್ಕಿಂತ ಹೆಚ್ಚಾಗಿ ಅದು ನನಗೆ ಇವತ್ತಿಗೂ ನೋಯುತ್ತದೆ.

ಆ ವಾರವೇ ಚರ್ಚಿಗೆ ಹೋಗಿ ಫಾದರ್ ಮುಂದೆ ಎಲ್ಲ ಹೇಳಿಕೊಂಡೆ, ಪ್ರಣಾಮವನ್ನೂ, ಊದಿದ ಮಂಡಿಯನ್ನೂ, ಸಮಾಧಿಯ ಹತ್ತಿರ ತಪ್ಪಿದ ಸಾಲನ್ನೂ. ಅವರು ನನಗೂ ಅದೇ ಪ್ರಾಯಶ್ಚಿತ್ತ ಕೊಟ್ಟರು, 'ತೀನ್ ಪ್ರಣಾಮ್ ಮರಿಯಾ.' ನಾನು ಏಳುವಾಗ, 'ಕನ್ನಡ್ ಮೇಂ' ಎಂದು ಸೇರಿಸಿದರು. ಅಜ್ಜಿಯ ಪ್ರಾರ್ಥನಾ ಪುಸ್ತಕದಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿ ಬಾಯಿಪಾಠ ಮಾಡಲು ನನಗೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬೆಳಿಗ್ಗೆ ಅವಳ ಕೋಣೆಗೆ ಹೋಗಿ ಗೂಡಿನ ಮುಂದೆ ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಮೂರನ್ನೂ ಪೂರ್ತಿ ಹೇಳಿದೆ. ನೆಲ ತಣ್ಣಗಿತ್ತು, ಮುಂದಿನ ಕೋಣೆಯಿಂದ ಲಾವಂಚದ ಗಾಳಿ ಬರುತ್ತಿತ್ತು. ಹದಿಮೂರು ವರ್ಷದ ನನ್ನ ಮಂಡಿಗಳಿಗೆ ಯಾವ ನೋವೂ ಇರಲಿಲ್ಲ. ಆದರೂ ಏಳುವಾಗ ಮಂಚದ ಕಾಲು ಹಿಡಿದುಕೊಂಡೇ ಎದ್ದೆ.