ಪಾರವ್ವನ ಕಣ್ಣು

ಹುನಗುಂದದ ಫೋಟೊಗ್ರಾಫರ್ ಅಮಾತೆಪ್ಪ ತಾನು ತೆಗೆದ ಫೋಟೊದಲ್ಲಿ ಯಾರು ತಪ್ಪು ಹುಡುಕಿದರೂ ಸಹಿಸುತ್ತಿರಲಿಲ್ಲ. "ನಿಮ್ಮ ಮಾರಿ ಇದ್ದಂಗ ಫೋಟೊ ಬರತೈತಿ, ಹೋಗ್ರಿ" ಎಂದುಬಿಡುತ್ತಿದ್ದ.

ಆ ಕಾಲದಲ್ಲಿ ಬದುಕಿದ್ದಾಗ ಫೋಟೊ ತೆಗೆಸಿಕೊಂಡವರೇ ಕಡಿಮೆ. ಸತ್ತ ಮೇಲೆ ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಅವನಿಗೆ ಹೇಳಿ ಕಳಿಸುತ್ತಿದ್ದರು. ಪ್ರಿಂಟಿನಲ್ಲಿ ಮುಚ್ಚಿದ ಕಣ್ಣಿನ ಮೇಲೆ ಅವನು ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದು ಕೊಡುತ್ತಿದ್ದ. ಎಲ್ಲ ಹೆಣಕ್ಕೂ ಒಂದೇ ನಮೂನೆಯ ಕಣ್ಣು. ಯಾರೂ ತಕರಾರು ಮಾಡಿರಲಿಲ್ಲ.

೧೯೭೮ರಲ್ಲಿ ಸಿದ್ದವ್ವ ಎಂಬ ತಾಯಿ, ಜ್ವರದಿಂದ ಸತ್ತ ಮಗಳು ಪಾರವ್ವನ ಫೋಟೊ ವಾಪಸ್ ತಂದಳು.

"ಇವು ನಮ್ಮ ಪಾರಿ ಕಣ್ಣಲ್ರಿ."

ಅಮಾತೆಪ್ಪ ರೇಗಿದ. ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಬೇರೆ ಪ್ರಿಂಟ್ ಹಾಕಿ ಮತ್ತೆ ಬರೆದ. ಅವಳು ಮತ್ತೆ ಬಂದಳು.

"ಇವೂ ಅಲ್ರಿ. ದಿನಾ ಅಕಿ ಮಾರಿ ಮರತು ಹೊಂಟೇನ್ರಿ. ಲಗೂನ ಬರದು ಕೊಡ್ರಿ."

ಆ ಮಾತು ಅವನಿಗೆ ಊಟ ಸೇರದಂತೆ ಮಾಡಿತು. ಬರೆದದ್ದನ್ನೆಲ್ಲ ತಾನೇ ಹರಿದು ಹಾಕತೊಡಗಿದ. ಕೊನೆಗೆ ಅವಳನ್ನೇ ಕೇಳಿದ.

"ಯವ್ವಾ, ಅಕಿ ಕಣ್ಣು ಯಾರಂಗ ಇದ್ದುವು?"

"ನನ್ನಂಗ ಅಂತಿದ್ರು ಮಂದಿ."

ಅವಳನ್ನು ಎದುರಿಗೆ ಕೂರಿಸಿಕೊಂಡು, ಅತ್ತು ಬಾಡಿದ ಅವಳ ಕಣ್ಣನ್ನೇ ನೋಡುತ್ತ ಬರೆದ.

ಸಿದ್ದವ್ವ ಬಹಳ ಹೊತ್ತು ಫೋಟೊ ನೋಡಿದಳು.

"ಹೌದ್ರಿ, ಇವೇ ಅಕಿ ಕಣ್ಣು," ಎಂದಳು. ಆಮೇಲೆ ಸೆರಗಿನಿಂದ ಅದನ್ನು ಮುಚ್ಚಿದಳು. "ಆದ್ರ ತಾ ಸತ್ತೇನಿ ಅನ್ನೂದು ಈಗ ಅಕಿಗೂ ಗೊತ್ತಾದಂಗ ಕಾಣತೈತ್ರಿ."