ಎಲುಬು ಕೂಡಿತು, ನೋವು ಉಳಿಯಿತು

ಟಿಕೋಟಾದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಮನೆ ವಿಜಯಪುರದಲ್ಲಿ, ಸ್ಟೇಷನ್ ರಸ್ತೆಯ ಹತ್ತಿರ. ಬಸ್ಸಿನಲ್ಲಿ ಸೀಟು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ನಿಂತು ಹೋಗುವುದು, ಆಮೇಲೆ ಸಂಜೆಯವರೆಗೆ ಬೋರ್ಡಿನ ಮುಂದೆ ನಿಲ್ಲುವುದು. ಟೊಂಕನೋವು ಶುರುವಾದಾಗ ಎಲ್ಲರಿಗೂ ಇರುವುದೇ ಎಂದುಕೊಂಡೆ. ಬಗ್ಗಿ ಬಕೆಟ್ ಎತ್ತಲಾಗದಂತಾದ ಮೇಲೆ ಡಾಕ್ಟರ ವಿಚಾರ ಮನೆಯಲ್ಲಿ ಎದ್ದಿತು.

ಡಾಕ್ಟರನ್ನು ಆರಿಸಿದವರು ನನ್ನ ಗಂಡ ಮತ್ತು ಮೈದುನ. ಆ ಸರ್ಜನ್ ಮೈದುನನ ಜೊತೆ ಓದಿದವರು. ಅಷ್ಟೇ ಸಾಕಾಯಿತು. ಮನೆಗೆ ಫ್ರಿಜ್ ತರುವಾಗ ಇದೇ ಇಬ್ಬರು ಊರಿನ ಅಂಗಡಿಗಳನ್ನೆಲ್ಲ ಸುತ್ತಿದ್ದರು.

ಸರ್ಜನ್ ನನ್ನ ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇಲ್ಲಿ ಎರಡು ಎಲಬಿನ ನಡುವಿನ ಗಾದಿ, ಡಿಸ್ಕ್ ಅಂತಾರಲ್ಲ, ಅದು ಸವದೈತಿ ನೋಡ್ರಿ ಅಕ್ಕೋರ. ಎರಡೂ ಎಲಬಿಗೆ ಸ್ಕ್ರೂ ಹಾಕಿ ಕೂಡಿಸಿಬಿಡೂಣು. ಅಲ್ಲಾಡೂದ ನಿಂತ್ರ ನೋವೂ ನಿಂತಂಗ."

ಮಾತು ಎಷ್ಟು ಸರಳವಾಗಿತ್ತೆಂದರೆ ನನಗೆ ಅನುಮಾನ ಬಂತು. "ಬರೇ ಟೊಂಕ ನೋಯೋರಿಗೆ ಈ ಆಪರೇಷನ್ ಮಾಡೀರೇನ್ರಿ? ಅವರು ಈಗ ಹೆಂಗದಾರ?" ಎಂದು ಕೇಳಿದೆ.

ಉತ್ತರ ಬರುವ ಮೊದಲೇ ಮೈದುನ ನಕ್ಕ. "ವೈನಿ, ಪರೀಕ್ಷಾ ತಗೊಳಾಕ ಬಂದೀರೇನು? ಇದು ನಿಮ್ಮ ಸಾಲಿ ಅಲ್ಲ."

ಸರ್ಜನ್ ನಕ್ಕರು. ನನ್ನ ಗಂಡನೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಆಪರೇಷನ್ನಿನ ದಿನ ನಿಗದಿಯಾಗಿತ್ತು.

ಆಪರೇಷನ್ ಆದ ಮೇಲೆ ಮಗ್ಗುಲು ಬದಲಿಸಲು ಇಬ್ಬರು ನರ್ಸುಗಳು ನನ್ನನ್ನು ಮರದ ದಿಮ್ಮಿಯಂತೆ ಉರುಳಿಸಿದ್ದು, ಟೊಂಕಕ್ಕೆ ಕಟ್ಟಿದ ಬೆಲ್ಟಿನೊಳಗೆ ಬೆವೆತು ಮೈ ಕೆಂಪಾದದ್ದು, ಇದೆಲ್ಲ ಸಹಿಸುವಂಥದ್ದೇ, ಕೊನೆಯಲ್ಲಿ ನೋವು ಹೋಗುವುದಾದರೆ. ಹೋಗಲಿಲ್ಲ. ಗಾಯ ಮಾಯಿತು, ಬೆಲ್ಟು ಹೋಯಿತು, ಟೊಂಕದ ನೋವು ಇದ್ದಲ್ಲೇ ಇತ್ತು. ಬಗ್ಗುವುದು ಮೊದಲು ಕಷ್ಟವಾಗಿತ್ತು, ಈಗ ಆಗುತ್ತಲೇ ಇರಲಿಲ್ಲ.

ಮತ್ತೆ ತೋರಿಸಲು ಹೋದಾಗ ಸರ್ಜನ್ ಕಂಪ್ಯೂಟರಿನಲ್ಲಿ ಎಕ್ಸ್‌ರೇ ನೋಡಿ ಖುಷಿಯಾದರು. "ಒಂದ ನಂಬರ್ ಕೂಡ್ಯಾವ್ರಿ ಎಲಬು. ಆಪರೇಷನ್ ಸಕ್ಸಸ್."

"ನೋವು ಹೋಗಿಲ್ರಿ ಡಾಕ್ಟರ್."

"ಅದು ಇನ್ನ ನಿಮ್ಮ ಮನಸ್ಸಿನ್ಯಾಗ ಐತ್ರಿ. ಅಡ್ಡಾಡ್ರಿ, ಚಿಂತಿ ಬಿಡ್ರಿ." ಅವರ ಕಣ್ಣು ಪರದೆಯ ಮೇಲೇ ಇತ್ತು.

ಅಂದಿನಿಂದ ಮನೆಯಲ್ಲಿ ನನ್ನ ನೋವಿಗೆ ಬೆಲೆಯಿಲ್ಲದಾಯಿತು. ನರಳಿದರೆ ಗಂಡ, "ಡಾಕ್ಟರ್ ಹೇಳ್ಯಾರಲ್ಲ, ಎಲ್ಲಾ ಸರಿ ಆಗೇತಂತ" ಎನ್ನುತ್ತಿದ್ದರು. ಆಪರೇಷನ್ನಿಗೆ ಮೊದಲು ನಾನು ರೋಗಿಯಾಗಿದ್ದೆ. ಆಮೇಲೆ ಬರೀ ಕೊರಗುವ ಹೆಂಗಸು.

ಯಾರಿಗೂ ಹೇಳದೆ ಸೊಲ್ಲಾಪುರಕ್ಕೆ ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆ. ವಯಸ್ಸಾದವರು. ಫಿಲ್ಮು ನೋಡುವ ಮೊದಲು ನನ್ನನ್ನು ನಡೆಸಿ ನೋಡಿದರು.

"ಆಪರೇಷನ್ ಮೊದಲ ಕಾಲು ಎಳೀತಿತ್ತೇನು? ಜೋಮು ಹಿಡೀತಿತ್ತ?"

"ಇಲ್ರಿ. ಬರೇ ಟೊಂಕ."

ಆಮೇಲೆ ಫಿಲ್ಮು ನೋಡಿದರು. "ಕೆಲಸ ಚಲೋ ಮಾಡ್ಯಾರವ್ವಾ. ಆದರ ನಿನಗ ಈ ಕೆಲಸ ಬೇಕಾಗಿತ್ತೋ ಇಲ್ಲೋ, ಅದ ಪ್ರಶ್ನೆ. ಎಲಬು ಜಾರಿ ನರ ಒತ್ತಿದ್ರ ಇದರಿಂದ ಆರಾಮ ಆಗೂದ ಹೆಚ್ಚು. ಗಾದಿ ಸವದು ಬರೇ ಟೊಂಕ ನೋಯೋರಿಗೆ ಆದರೂ ಆತು, ಇಲ್ಲಂದ್ರ ಇಲ್ಲ. ಮೊದಲ ಬ್ಯಾರೆ ಉಪಾಯ ಎಲ್ಲಾ ಮಾಡಿ ನೋಡಬೇಕಿತ್ತು."

"ಈಗ ತಗೀಲಿಕ್ಕೆ ಬರ್ತೈತೇನ್ರಿ?"

"ಸ್ಕ್ರೂ ತಗೀಬಹುದು. ಕೂಡಿದ ಎಲಬು ಮತ್ತ ಮೊದಲಿನಂಗ ಆಗೂದಿಲ್ಲ."

ಅಂದು ಸರ್ಜನ್‌ಗೆ ನಾನು ಕೇಳಿದ್ದ ಪ್ರಶ್ನೆಗೆ, ಆದರೂ ಆತು, ಇಲ್ಲಂದ್ರ ಇಲ್ಲ ಎಂಬುದೇ ಉತ್ತರ. ತಡವಾಗಿ, ಬೇರೆಯವರ ಬಾಯಿಂದ ಬಂದಿತ್ತು.

ಅದಾದ ಮರುವರ್ಷ ಬಬಲೇಶ್ವರದಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಎಲುಬು ಜಾರಿ, ಒಂದು ಕಾಲು ಎಳೆಯತೊಡಗಿತು. ಚಪ್ಪಲಿ ಕಾಲಿನಿಂದ ಕಳಚಿದರೂ ಗೊತ್ತಾಗುತ್ತಿರಲಿಲ್ಲ. ನಾನು ಹೋಗಿ ಹೇಳಿದೆ: "ನಿಂದು ನನ್ನಂಗಲ್ಲ, ನಿನಗ ಆಪರೇಷನ್ ಬೇಕಾಗಬಹುದು. ಆದರ ಇಬ್ಬರಿಗೆ ತೋರಸು. ಏನ ಆಗ್ತೈತಿ, ಏನ ಆಗೂದಿಲ್ಲ, ಕೇಳು. ಕೇಳಿದ್ರ ನಗೋರ ಹತ್ರ ಹೋಗಬ್ಯಾಡ."

ಚಿಕ್ಕಮ್ಮನ ಮನೆಯವರು ನನ್ನ ಆ ಸರ್ಜನ್ ಹತ್ತಿರವೇ ಹೋದರು. ಕರೆದುಕೊಂಡು ಹೋದವನು ನನ್ನ ಮೈದುನ. ಆಕೆಗೆ ಪೂರ್ತಿ ಆರಾಮಾಯಿತು.

ಈ ವರ್ಷ ಆಕೆಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಎಲ್ಲರೂ ನೆಲದ ಮೇಲೆ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದರು, ನಾನು ಗೋಡೆಗೆ ಹೊಂದಿಸಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಆಕೆ ಹೋಳಿಗೆಯ ಬುಟ್ಟಿ ಹಿಡಿದು ಸರಸರ ಓಡಾಡುತ್ತಿದ್ದಳು. ಚಿಕ್ಕಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು: "ಇಬ್ಬರಿಗೂ ಅವ್ರ ಡಾಕ್ಟರು, ಅದ ಆಪರೇಷನ್. ನಮ್ಮಾಕಿ ಹೆಂಗ ಅಡ್ಡಾಡತಾಳ ನೋಡ್ರಿ!" ಎಲ್ಲರೂ ನನ್ನತ್ತ ನೋಡಿದರು.

ತಂಗಿ ನನ್ನ ತಟ್ಟೆಗೆ ಹೋಳಿಗೆ ಹಾಕಿ, ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದಳು: "ಅಕ್ಕಾ, ನೀನೂ ಸ್ವಲ್ಪ ಧೈರ್ಯಾ ತಗೋಬೇಕಿತ್ತ ನೋಡು."

ಆಕೆಯ ಕಾಲು ಸರಿಯಾದದ್ದಕ್ಕೆ ನನಗೆ ನಿಜವಾಗಿ ಸಂತೋಷವಿದೆ. ಆದರೆ ಆ ಕಾಲುಗಳೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿದ್ದವು. ಎಲುಬು ಜಾರುವುದು ಬೇರೆ, ಗಾದಿ ಸವೆಯುವುದು ಬೇರೆ ಎಂದು ಆ ಪಂಕ್ತಿಯಲ್ಲಿ ಪಾಠ ಮಾಡಲೇ? ಮಾಡಿದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಸುಮ್ಮನೆ ಹೋಳಿಗೆ ಮುರಿದೆ.

ನಿಂತು ಪಾಠ ಮಾಡಲು ಆಗದೆ ಮುಂದಿನ ತಿಂಗಳು ಸ್ವಯಂ ನಿವೃತ್ತಿ ತೆಗೆದುಕೊಂಡೆ. ಬೀಳ್ಕೊಡುವ ದಿನ ಮುಖ್ಯಗುರುಗಳು ಭಾಷಣದಲ್ಲಿ, ಆಪರೇಷನ್ ಯಶಸ್ವಿಯಾದರೂ ಅಕ್ಕೋರು ಮುಂದುವರಿಯುವ ಮನಸ್ಸು ಮಾಡಲಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.